ಕೇಳುವುದಿದ್ದರೆ ಜಗಲಿಯಲ್ಲೇ

"ಒಂದು ಪ್ರಿಂಟ್ ತೆಗೆದು ಕೊಡಿ ಅಂದಿದ್ದಕ್ಕೆ ಇಷ್ಟೊಂದು ಯೋಚನೆ ಯಾಕ್ರೀ? ನಾನೇನು ನಿಮ್ಮ ಆಸ್ತಿ ಬರೆದುಕೊಡಿ ಅಂದ್ನಾ?"

ಸಿಬ್ಬಂದಿ ವಿಭಾಗದ ಮ್ಯಾನೇಜರು ಅವಳ ಮೇಜಿನ ಅಂಚಿಗೆ ಎರಡೂ ಕೈ ಊರಿ ನಿಂತಿದ್ದರು. ಕಂಪನಿಯಲ್ಲಿ ಅವರಿಗೆ ಷೋಕಾಸ್ ಎಂದೇ ಹೆಸರು. ತಡವಾಗಿ ಬಂದವರು, ಹೆಲ್ಮೆಟ್ ಮರೆತವರು, ಎದುರು ಮಾತಾಡಿದವರು, ಹೀಗೆ ಅವರ ಕೈಯಿಂದ ಷೋಕಾಸ್ ನೋಟೀಸು ಪಡೆಯದವರು ಆ ಕಟ್ಟಡದಲ್ಲಿ ಕಡಿಮೆ. ಹೆಸರು ಅವರ ಕಿವಿಗೂ ಬಿದ್ದಿತ್ತು. ಬೇಸರವೇನೂ ಆದಂತಿರಲಿಲ್ಲ, ಒಳಗೊಳಗೇ ಖುಷಿಯಾಗಿದ್ದರೂ ಆಗಿತ್ತೇನೋ.

"ಕೊಡೋಕಾಗಲ್ಲ ಸರ್," ಎಂದಳು ಅವಳು.

"ಆಗಲ್ವೋ, ನಿಮಗೆ ತೆಗೆಯೋಕೆ ಬರಲ್ವೋ?"

"ಬರುತ್ತೆ. ಕೊಡಲ್ಲ."

ಹೇಳಿದ ಮೇಲೆ ಅವಳಿಗೇ ತನ್ನ ಧೈರ್ಯ ನೋಡಿ ಗಾಬರಿಯಾಯಿತು. ಷೋಕಾಸ್ ಕೈಗಳನ್ನು ಮೇಜಿನಿಂದ ತೆಗೆದು ನೆಟ್ಟಗೆ ನಿಂತರು. "ಆಯ್ತಮ್ಮ. ನಾಳೆ ದೊಡ್ಡ ಸಾಹೇಬರ ಮುಂದೆ ಮಾತಾಡೋಣ," ಎಂದು ಹೇಳಿ, ಬಂದಷ್ಟೇ ಮೆಲ್ಲಗೆ ಬಾಗಿಲು ಹಾಕಿಕೊಂಡು ಹೋದರು. ಕೂಗಾಡುವ ಮನುಷ್ಯನಾಗಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಲಿಫ್ಟ್ ಕೂರಿಸುವುದು, ಕೂರಿಸಿದ್ದನ್ನು ರಿಪೇರಿ ಮಾಡುವುದು ಆ ಕಂಪನಿಯ ಕೆಲಸ. ಊರಿನ ಸುತ್ತ ಆರು ಡಿಪೋಗಳು, ಡಿಪೋ ತುಂಬ ಮೆಕ್ಯಾನಿಕ್‌ಗಳು, ಮಧ್ಯದಲ್ಲಿ ಒಂದು ಆಫೀಸು. ಎಡಗೈ ಮಾಡಿದ್ದು ಬಲಗೈಗೆ ಗೊತ್ತಾಗುತ್ತಿರಲಿಲ್ಲ. ಒಂದೇ ಲಿಫ್ಟಿನ ಒಂದೇ ತೊಂದರೆಯನ್ನು ಮೂರು ಜನ ಮೂರು ಸಲ ಹೊಸದಾಗಿ ಕಂಡುಹಿಡಿಯುತ್ತಿದ್ದರು. ಎಲ್ಲರೂ ಒಂದೇ ಕಡೆ ಮಾತಾಡಲಿ, ಕಡತ ಇಡಲಿ, ಕೇಳಲಿ, ಹೇಳಲಿ ಎಂದು ಕಂಪ್ಯೂಟರಿನಲ್ಲೂ ಮೊಬೈಲಿನಲ್ಲೂ ನಡೆಯುವ ಒಂದು ವ್ಯವಸ್ಥೆ ತಂದರು. ಅದಕ್ಕೆ ಜಗಲಿ ಎಂದು ಹೆಸರಿಟ್ಟವರು ದೊಡ್ಡ ಸಾಹೇಬರೇ. ಅದನ್ನು ನೋಡಿಕೊಳ್ಳುವ ಹೊಣೆ ಇವಳ ತಲೆಗೆ ಕಟ್ಟಿದರು.

ಮೊದಲ ವರ್ಷ ಜಗಲಿ ಮಣ್ಣು ಮುಕ್ಕಿತು. ಯಾರು ಬೇಕಾದರೂ ಅದರೊಳಗೆ ತಮ್ಮದೊಂದು ಮಾತಿನ ಕೋಣೆ ತೆರೆಯಬಹುದು ಎಂದು ಬಿಟ್ಟಿದ್ದರಿಂದ ನೂರಾರು ಕೋಣೆಗಳು ಹುಟ್ಟಿಕೊಂಡವು, ಒಂದರಲ್ಲೂ ಜನರಿಲ್ಲ. ಲೆಕ್ಕ ವಿಭಾಗದ ಒಬ್ಬ ಹಿರಿಯರು ತಾವೇ ತೆರೆದ ಕೋಣೆಯಲ್ಲಿ ತಾವೊಬ್ಬರೇ ಕೂತು ದಿನಾ ಬೆಳಿಗ್ಗೆ ಶುಭೋದಯ ಹೇಳುತ್ತಿದ್ದರು, ಪಾಪ, ಯಾರೂ ಪ್ರತಿ ಹೇಳಲಿಲ್ಲ. ಉಳಿದವರಿಗೆ ಜಗಲಿ ನೆನಪಾಗುತ್ತಿದ್ದುದು ಪಾಸ್‌ವರ್ಡ್ ಮರೆತಾಗ ಮಾತ್ರ. ಹಾಗಾಗಿ ಇವಳಿಗೆ ಪಾಸ್‌ವರ್ಡ್ ಮೇಡಂ ಎಂಬ ಹೆಸರು ಬಿತ್ತು. "ಇನ್ನೊಂದು ವರ್ಷ ನೋಡ್ತೀನಿ. ಜನ ಬರಲಿಲ್ಲ ಅಂದ್ರೆ ಮುಚ್ಚಿಬಿಡೋಣ," ಎಂದು ದೊಡ್ಡ ಸಾಹೇಬರು ಹೇಳಿದಾಗ ಅವಳಿಗೆ ಅವಮಾನದಿಂದ ಮುಖವೆಲ್ಲ ಬಿಸಿಯಾಗಿತ್ತು.

ಎರಡನೇ ವರ್ಷ ಅವಳು ಹಟಕ್ಕೆ ಬಿದ್ದಳು. ಬಾಗಿಲು ಹಾಕಬೇಕಾದ ಕೋಣೆಗಳಿಗೆಲ್ಲ ಬಾಗಿಲು ಹಾಕಿ, ಕೆಲಸಕ್ಕೆ ಬೇಕಾದಷ್ಟನ್ನೇ ಉಳಿಸಿದಳು. ಕೋಣೆಗೊಬ್ಬ ಯಜಮಾನ, ಒಳಗೆ ಯಾರಿರಬೇಕು ಯಾರು ಬೇಡ ಎನ್ನುವುದು ಅವನದೇ ತೀರ್ಮಾನ. ಮಾತಿಲ್ಲದೆ ಪಾಳುಬಿದ್ದ ಕೋಣೆ ತಾನಾಗಿ ಮುಚ್ಚಬೇಕು. ಇದನ್ನೆಲ್ಲ ಒಂದೇ ಪುಟದಲ್ಲಿ, ಯಾರಿಗಾದರೂ ಅರ್ಥವಾಗುವ ಹಾಗೆ ಬರೆದಳು. ಆಮೇಲೆ ಕುರ್ಚಿ ಬಿಟ್ಟೆದ್ದು, ಬಿಡಿಭಾಗದ ಉಗ್ರಾಣದ ಪಕ್ಕದಲ್ಲಿ ಮೆಕ್ಯಾನಿಕ್‌ಗಳು ಕೂರುವ ಬೆಂಚಿನ ರೂಮಿಗೆ ಹೋದಳು.

ಅಲ್ಲಿ ಅವಳನ್ನು ನೋಡಿ ನಗದವರಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಅವಳ ಭಾವ, ಅಂದರೆ ಸ್ವಂತ ಅಕ್ಕನ ಗಂಡ. ಕಂಪನಿಯ ಹಳೇ ಮೆಕ್ಯಾನಿಕ್. ಮನೆಯಲ್ಲಿ ಸೌಮ್ಯ, ಬೆಂಚಿನ ಮೇಲೆ ಕೂತರೆ ಬಾಯಿಗೆ ಬೀಗವಿಲ್ಲ.

"ಬನ್ನಿ ಬನ್ನಿ ಪಾಸ್‌ವರ್ಡ್ ಮೇಡಂ! ಯಾರಪ್ಪಾ ಮರೆತಿದ್ದು?"

"ಯಾರೂ ಮರೆತಿಲ್ಲ ಭಾವ. ಮರೆಯೋಕಾದ್ರೂ ಒಂದ್ಸಲ ಒಳಗೆ ಬರಬೇಕಲ್ಲ."

ಬೆಂಚು ಗೊಳ್ಳೆಂದಿತು. ನಗು ಅಡಗಿದ ಮೇಲೆ ಭಾವ ಕೈಗಂಟಿದ್ದ ಗ್ರೀಸನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ನಿಜ ವಿಷಯಕ್ಕೆ ಬಂದರು. "ನೋಡಮ್ಮ, ಅಲ್ಲಿ ಇವತ್ತು ಬರೆದ್ರೆ ನಾಳೆ ಷೋಕಾಸ್ ಮನೆಗೆ ಬರುತ್ತೆ. ಬರೆಯೋದು ನಾವು, ಕದ್ದು ಓದೋದು ಅವರು. ಯಾವ ಬುದ್ಧಿ ಇರೋನು ಬರೀತಾನೆ?"

"ಹಾಗಾದ್ರೆ ಹೇಗಿದ್ರೆ ಬರೀತೀರಿ?"

"ನಮ್ಮ ಮಾತು ಯಾರಿಗಾದ್ರೂ ಬೇಕಾ? ನಮ್ಮ ಕೋಣೆಗೇ ಬರಲಿ. ತನ್ನ ಹೆಸರು ಹಾಕಿ, ಯಾಕೆ ಬೇಕು ಅಂತ ಎಲ್ಲರ ಮುಂದೆ ಕೇಳಲಿ. ಬರೆದೋನು ಉತ್ತರ ಕೊಟ್ಟ ಮೇಲೆ ತಗೊಂಡು ಹೋಗಲಿ. ಹಿಂದಿನ ಬಾಗಿಲು ಬೇಡ."

ಅವಳು ಅದನ್ನೂ ಪುಟದಲ್ಲಿ ಸೇರಿಸಿದಳು. ದೊಡ್ಡ ಸಾಹೇಬರು ಓದಿ, "ಇದೇನ್ರೀ, ನ್ಯಾಯ ತೀರ್ಮಾನದ ಕಟ್ಟೇನಾ?" ಎಂದು ನಗಾಡುತ್ತಲೇ ಸಹಿ ಹಾಕಿದ್ದರು.

ಸಹಿ ಬಿದ್ದ ಮಾತ್ರಕ್ಕೆ ಜನ ಬಂದುಬಿಡಲಿಲ್ಲ. ಅವಳು ಮೆಕ್ಯಾನಿಕ್‌ಗಳ ಬೆನ್ನು ಹತ್ತಿ ಕಟ್ಟಡ ಕಟ್ಟಡ ತಿರುಗಿದಳು. ಲಿಫ್ಟಿನ ತಳದ ಗುಂಡಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಗೊತ್ತಾದದ್ದು ಹಾಗೆ ಇಳಿದು ನೋಡಿದಾಗಲೇ. ಬರೆದದ್ದು ಫೋನಿನಲ್ಲೇ ಕಾದಿದ್ದು ಮೇಲೆ ಬಂದ ಮೇಲೆ ಹೋಗುವಂತೆ ಮಾಡಿಸಿದಳು. ಎಣ್ಣೆಗೈಯಲ್ಲಿ ಅಕ್ಷರ ಒತ್ತಲು ಆಗುವುದಿಲ್ಲವೆಂದು ದನಿಯಲ್ಲೇ ಹೇಳಿ ಕಳಿಸುವ ಗುಂಡಿಯನ್ನು ದೊಡ್ಡದು ಮಾಡಿಸಿದಳು. ಇಷ್ಟಾದರೂ ಮೆಕ್ಯಾನಿಕ್‌ಗಳ ಕೋಣೆಯಲ್ಲಿ ಕಾಣುತ್ತಿದ್ದುದು 'ಸರಿ ಸರ್', 'ಮುಗೀತು ಸರ್' ಎರಡೇ. ಅವಳು ಬಿಡಲಿಲ್ಲ. ವಾರಕ್ಕೆರಡು ಸಲ ಬೆಂಚಿನ ರೂಮಿಗೆ ಹೋಗಿ ಕೂರುವುದನ್ನು ನಿಲ್ಲಿಸಲಿಲ್ಲ, ಭಾವನ ಮನೆಗೆ ಹೋದಾಗಲೂ ಅದೇ ರಾಗ. "ಒಂದೇ ಒಂದು ನಿಜವಾದ ಮಾತು ಬರೀರಿ ಭಾವ, ಸಾಕು," ಎನ್ನುತ್ತಿದ್ದಳು. ಅಕ್ಕ ಒಳಗಿನಿಂದ, "ಆಫೀಸು ಗೇಟಿನ ಹತ್ರ ಬಿಟ್ಟು ಬರೋಕೆ ಏನೇ ನಿಂಗೆ?" ಎಂದು ಗದರುತ್ತಿದ್ದಳು.

ನಿಜವಾದ ಮಾತು ಒಂದು ಬೆಳಿಗ್ಗೆ ಬಂತು. ಬೇರೆ ಡಿಪೋದ ಒಬ್ಬ ಕೋಣೆಯಲ್ಲಿ ಕೇಳಿದ್ದ: ಬಾಗಿಲು ಪೂರ್ತಿ ಮುಚ್ಚದಿದ್ದರೂ ಲಿಫ್ಟ್ ಓಡುತ್ತಿದೆ, ಲಿಫ್ಟ್ ನಡೆಸುವ ಪ್ಯಾನಲ್ಲಿನ ಬೋರ್ಡು ಬದಲಾಯಿಸಲಾ?

ಬಾಗಿಲು ಮುಚ್ಚದೆ ಲಿಫ್ಟ್ ಅಲುಗಾಡಲೇಬಾರದು. ಅದಕ್ಕೆಂದೇ ಪ್ರತಿ ಬಾಗಿಲಿಗೂ ಒಂದು ಸ್ವಿಚ್ಚಿರುತ್ತದೆ. ಆದರೆ ರಿಪೇರಿಯಲ್ಲಿ ಕೆಲವೊಮ್ಮೆ ಬಾಗಿಲು ತೆರೆದಿಟ್ಟೇ ಅದನ್ನು ಚೂರು ಚೂರು ಸರಿಸಿ ನೋಡಬೇಕಾಗುತ್ತದೆ. ಆಗ ಮೆಕ್ಯಾನಿಕ್ ಪ್ಯಾನಲ್ಲಿನೊಳಗೆ ಗೇಣುದ್ದದ ವೈರೊಂದನ್ನು ಅಡ್ಡ ಸಿಕ್ಕಿಸಿ ಆ ಸ್ವಿಚ್ಚಿನ ಬಾಯಿ ಮುಚ್ಚಿಸುತ್ತಾನೆ. ಅದಕ್ಕೆ ಜಂಪರ್ ಎನ್ನುತ್ತಾರೆ. ಕೆಲಸ ಮುಗಿದೊಡನೆ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಮರೆತು ಪ್ಯಾನಲ್ ಮುಚ್ಚಿದರೆ, ಯಾರೋ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟಿರುವಾಗಲೇ ಲಿಫ್ಟ್ ಹೊರಟುಬಿಡಬಹುದು.

ಭಾವ ಅಲ್ಲೇ ಉತ್ತರ ಕೊಟ್ಟರು. ಬೋರ್ಡು ಮುಟ್ಟಬೇಡ, ಲಿಫ್ಟ್ ನಿಲ್ಲಿಸು, ಜಂಪರ್ ಯಾರಾದರೂ ಬಿಟ್ಟಿದ್ದಾರಾ ನೋಡು. ಬಿಟ್ಟಿದ್ದರು. ಹಿಂದಿನ ದಿನ ಅಲ್ಲಿಗೆ ಹೋಗಿದ್ದ ಮೆಕ್ಯಾನಿಕ್ ಯಾರೆಂದು ಎಲ್ಲರಿಗೂ ಗೊತ್ತು. ಕೋಣೆಯಲ್ಲಿ ಅವನಿಗೆ ಬೈಗುಳ ಶುರುವಾಯಿತು. ಆಗ ಭಾವ ಬರೆದರು: "ಬೈಯಬೇಡಿ. ಹೋದ ವರ್ಷ ಹೆರಿಗೆ ಆಸ್ಪತ್ರೆ ಲಿಫ್ಟಲ್ಲಿ ನಾನೂ ಬಿಟ್ಟು ಬಂದಿದ್ದೆ. ಊಟಕ್ಕೆ ಕೂತಾಗ ಜೇಬು ತಡವಿಕೊಂಡು ನೋಡಿದೆ, ವೈರಿಲ್ಲ. ಓಡಿಹೋಗಿ ಕಿತ್ತೆ. ಯಾರಿಗೂ ಏನೂ ಆಗಲಿಲ್ಲ, ನನ್ನ ಪುಣ್ಯ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಮರೆಯದ ಹಾಗೆ ಏನು ಮಾಡೋಣ ಅದನ್ನ ಹೇಳಿ."

ಆಮೇಲೆ ಕೋಣೆ ತುಂಬಿತು. ನಾನೂ ಬಿಟ್ಟಿದ್ದೆ ಎಂದವರು, ಬಿಟ್ಟವರನ್ನು ನೋಡಿದ್ದೆ ಎಂದವರು. ಒಬ್ಬ ಮೊಳದುದ್ದದ ಕೆಂಪು ವೈರಿಗೆ ಅಗಲವಾದ ತಗಡೊಂದನ್ನು ಕಟ್ಟಿ ಫೋಟೋ ಹಾಕಿದ. ಅದು ಸಿಕ್ಕಿಕೊಂಡಿದ್ದರೆ ಪ್ಯಾನಲ್ಲಿನ ಬಾಗಿಲು ಮುಚ್ಚುವುದೇ ಇಲ್ಲ. ಒಂದು ವಾರ ಕಳೆಯುವುದರೊಳಗೆ ಆರೂ ಡಿಪೋಗಳಲ್ಲಿ ಎಲ್ಲರ ಜೇಬಿನಲ್ಲೂ ಕೆಂಪು ವೈರು. ಯಾರೂ ಆಜ್ಞೆ ಮಾಡಿರಲಿಲ್ಲ, ಸುತ್ತೋಲೆ ಹೊರಟಿರಲಿಲ್ಲ. ಅವಳು ಮೇಜಿನ ಮುಂದೆ ಕೂತು ಅದನ್ನೆಲ್ಲ ಓದುತ್ತ ಓದುತ್ತ ಅತ್ತುಬಿಟ್ಟಳು. ಇಷ್ಟು ದಿನ ತಾನು ಬಾಯಿ ನೋಯಿಸಿಕೊಂಡಿದ್ದು ಇದಕ್ಕೇ ಅನ್ನಿಸಿತು.

ತಪ್ಪು ಮಾಡಿದ್ದು ಅವಳೇ. ಖುಷಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮ್ಯಾನೇಜರುಗಳ ಸಭೆಯಲ್ಲಿ ಜಗಲಿಯ ಏಳಿಗೆ ತೋರಿಸುವ ಉತ್ಸಾಹದಲ್ಲಿ, "ಮೆಕ್ಯಾನಿಕ್‌ಗಳು ತಮ್ಮ ತಪ್ಪುಗಳನ್ನ ತಾವೇ ಹೇಳ್ಕೊಂಡು ತಿದ್ಕೋತಿದ್ದಾರೆ ಸರ್, ಜಂಪರ್ ಬಿಟ್ಟಿದ್ದನ್ನೂ ಕೂಡ," ಎಂದುಬಿಟ್ಟಳು. ಹೆಸರು ಹೇಳಲಿಲ್ಲ ನಿಜ. ಆದರೆ ಮೇಜಿನ ಆಚೆ ತುದಿಯಲ್ಲಿ ಕೂತಿದ್ದ ಷೋಕಾಸ್ ಪೆನ್ನಿನ ಮುಚ್ಚಳ ತೆಗೆದದ್ದನ್ನು ನೋಡಿದಾಗಲೇ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆ ಕೋಣೆಗೆ ಅವರಿಗೆ ಪ್ರವೇಶವಿಲ್ಲ. ಎಲ್ಲ ಕೋಣೆಗಳನ್ನೂ ತೆರೆದು ನೋಡುವ, ಅಳಿಸುವ, ಹೊರತೆಗೆಯುವ ಕೀಲಿ ಇದ್ದದ್ದು ಇವಳೊಬ್ಬಳ ಕೈಯಲ್ಲಿ. ಮರುದಿನವೇ ಅವರು ಪ್ರಿಂಟ್ ಕೇಳಿಕೊಂಡು ಬಂದದ್ದು ಹಾಗೆ.

ಅದರ ಮಾರನೇ ದಿನ ದೊಡ್ಡ ಸಾಹೇಬರ ರೂಮಿನಲ್ಲಿ ಮೂರೇ ಜನ. ಕಿಟಕಿಯ ಆಚೆ ಯಾವುದೋ ಕಟ್ಟಡ ಏಳುತ್ತಿತ್ತು, ಕಾಂಕ್ರೀಟು ಕಲಸುವ ಸದ್ದಿಗೆ ಗಾಜು ಅದುರುತ್ತಿತ್ತು. ಷೋಕಾಸ್ ಮೊದಲು ಮಾತಾಡಿದರು. ಅವರ ಮಾತಿನಲ್ಲಿ ಹುರುಳಿತ್ತು, ಕಷ್ಟ ಇದ್ದದ್ದೇ ಅಲ್ಲಿ.

"ಸರ್, ಬಾಗಿಲ ಸ್ವಿಚ್ಚಿಗೆ ಜಂಪರ್ ಹಾಕಿ ಬಿಟ್ಟು ಬರೋದು ಅಂದ್ರೆ ಪ್ರಾಣದ ಜೊತೆ ಆಟ. ಅದೂ ಹೆರಿಗೆ ಆಸ್ಪತ್ರೆಯಂತೆ. ಹೆಂಗಸರು, ಕೂಸುಗಳು ಓಡಾಡೋ ಲಿಫ್ಟು. ಬರೆದಿಟ್ಟ ಸಾಕ್ಷಿ ಇದೆ. ಗೊತ್ತಿದ್ದೂ ನಾವು ಸುಮ್ನಿದ್ರೆ ನಾಳೆ ಯಾರು ಜವಾಬ್ದಾರಿ? ಕೆಲಸದಿಂದ ತೆಗೀಬೇಕಾದ ಕೇಸು ಇದು." ಅವಳ ಕಡೆ ತಿರುಗಿದರು. "ಮೇಡಂ ಯಾಕೆ ಕೊಡ್ತಿಲ್ಲ ಅಂತ ನಿನ್ನೆ ಅರ್ಥ ಆಗಲಿಲ್ಲ. ಇವತ್ತು ಬೆಳಿಗ್ಗೆ ಆಯ್ತು. ಬರೆದೋರು ಇವರ ಭಾವ ಅಂತೆ."

ಬೆಂಚಿನ ಮಾತು ಆಫೀಸಿಗೆ ಹರಿಯಲು ಎಷ್ಟು ಹೊತ್ತು. ದೊಡ್ಡ ಸಾಹೇಬರು ಕನ್ನಡಕ ತೆಗೆದು ಅವಳನ್ನು ನೋಡಿದರು. "ಹೌದೇನಮ್ಮ?"

"ಹೌದು ಸರ್. ನನ್ನ ಸ್ವಂತ ಅಕ್ಕನ ಗಂಡ."

"ಮತ್ತೆ?"

ಅವಳು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಅದಕ್ಕೇ ಸರ್ ಇದನ್ನ ನನ್ನ ಕೈಗೆ ಬಿಡಬೇಡಿ ಅಂತಿರೋದು. ಕೊಟ್ರೆ ಹೆದರಿ ಕೊಟ್ಲು ಅಂತಾರೆ, ಕೊಡದಿದ್ರೆ ಭಾವನ್ನ ಉಳಿಸಿದ್ಲು ಅಂತಾರೆ. ನಿಯಮ ಇದೆ, ನೀವೇ ಸಹಿ ಹಾಕಿದ್ದೀರಿ. ಇವರಿಗೆ ಬೇಕಿದ್ರೆ ಆ ಕೋಣೆಗೇ ಬಂದು ಕೇಳ್ಲಿ. ಹೆಸರು ಹಾಕಿ, ಕಾರಣ ಹೇಳಿ. ಬರೆದೋರು ಅಲ್ಲೇ ಉತ್ತರ ಕೊಡ್ತಾರೆ. ಆಮೇಲೆ ನಾನೇ ತೆಗೆದು ಇವರ ಕೈಗೆ ಕೊಡ್ತೀನಿ. ಅದಾದ ಮೇಲೆ ಕೀಲಿನೂ ನನ್ನಿಂದ ತಗೊಂಡು, ಇಲ್ಲಿ ನೆಂಟರಿಲ್ಲದವರಿಗೆ ಕೊಡಿ."

"ಈಗಲೇ ಕೊಡು ಅಂತ ನಾನೇ ಹೇಳಿದ್ರೆ?"

"ಕೊಡ್ತೀನಿ ಸರ್. ನೀವು ಹೇಳಿದ್ರಿ, ನಾನು ಕೊಟ್ಟೆ ಅಂತ ಆ ಕೋಣೆಯಲ್ಲಿ ಬರೆದು ಕೊಡ್ತೀನಿ. ನಾಳೆಯಿಂದ ಅಲ್ಲಿ ಯಾರೂ ಇರಲ್ಲ. ಇನ್ನೊಬ್ಬ ಜಂಪರ್ ಬಿಟ್ಟಾಗ ನಮಗೆ ಗೊತ್ತಾಗೋದು ಜಗಲಿಯಿಂದಲ್ಲ, ಪೊಲೀಸರಿಂದ."

ಷೋಕಾಸ್ ಏನೋ ಹೇಳಹೊರಟರು. ದೊಡ್ಡ ಸಾಹೇಬರು ಕೈ ಎತ್ತಿ ತಡೆದು, ಕನ್ನಡಕದ ಗಾಜನ್ನು ಅಂಗಿಯ ತುದಿಗೆ ಉಜ್ಜುತ್ತ ಕೂತರು. ಸಹಿ ಹಾಕಿದ ಪುಟವನ್ನು ತರಿಸಿ ಇನ್ನೊಮ್ಮೆ ಓದಿದರು, ಈ ಸಲ ನಗಲಿಲ್ಲ. "ನಾಳೆ ಕೇಳಿ. ಅಲ್ಲೇ ಕೇಳಿ," ಎಂದು ಷೋಕಾಸ್‌ಗೆ ಹೇಳಿದರು.

ಸಂಜೆ ಅವಳು ಅಕ್ಕನ ಮನೆಗೆ ಹೋದಳು. ಹೋಗದೆ ಇರಬಹುದಿತ್ತು. ಆದರೆ ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅಕ್ಕ ಒಣಗಿದ ಬಟ್ಟೆಗಳನ್ನು ಮಂಚದ ಮೇಲೆ ರಾಶಿ ಹಾಕಿಕೊಂಡು ಮಡಿಚುತ್ತಿದ್ದಳು. ಭಾವ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅವಳು ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು, ಸಭೆಯಲ್ಲಿ ಬಾಯಿ ಬಿಟ್ಟವಳು ತಾನೇ ಎಂಬುದನ್ನೂ. ಅಕ್ಕ ಮಡಿಚುವುದನ್ನು ನಿಲ್ಲಿಸಲಿಲ್ಲ, ಕೈ ಮಾತ್ರ ಜೋರಾಯಿತು.

"ಇಷ್ಟು ವರ್ಷ ಬಾಯಿ ಮುಚ್ಕೊಂಡು ಮರ್ಯಾದೆಯಾಗಿ ಕೆಲಸ ಮಾಡ್ಕೊಂಡಿದ್ರು. ಬರೀರಿ ಭಾವ, ಬರೀರಿ ಭಾವ ಅಂತ ತಲೆ ತಿಂದೋಳು ನೀನು."

"ಬರೆದೋನು ನಾನು ಕಣೇ," ಎಂದರು ಭಾವ. "ಅವಳೇನು ನನ್ನ ಕೈ ಹಿಡಿದು ಬರೆಸಿದ್ಲಾ?"

"ಹೂಂ, ಹಿಡಿದೇ ಬರೆಸಿದ್ದು!" ಅಕ್ಕ ಅವಳ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು. "ಕೀಲಿ ನಿನ್ನ ಹತ್ರಾನೇ ಇದೆಯಲ್ವಾ? ಅಳಿಸಿಬಿಡು. ಒಂದು ಗುಂಡಿ ಒತ್ತಿದ್ರೆ ಹೋಗುತ್ತೆ ತಾನೇ? ಇವತ್ತೇ ಅಳಿಸು."

ಹೌದು, ಒಂದು ಗುಂಡಿ. ಮಧ್ಯಾಹ್ನವೆಲ್ಲ ಅವಳ ತಲೆಯಲ್ಲಿ ಅದೇ ಗುಂಡಿ ಸುಳಿದಾಡಿತ್ತು. ಅಳಿಸಿದರೆ ಕುರುಹೂ ಉಳಿಯದಂತೆ ಮಾಡುವುದು ಅವಳಿಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಜ್ವರ ಬಂದರೆ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದವಳು ಇದೇ ಅಕ್ಕ. ಅವಳ ಮುಂದೆ ನಿಂತು ಇಲ್ಲ ಎನ್ನುವುದು ದೊಡ್ಡ ಸಾಹೇಬರ ಮುಂದೆ ಹೇಳಿದಷ್ಟು ಸುಲಭವಿರಲಿಲ್ಲ.

"ಅಳಿಸಲ್ಲ ಅಕ್ಕ."

"ಏನಂದೆ?"

"ಅಳಿಸಲ್ಲ. ನಮ್ಮವರದ್ದು ಅಂತ ಇದನ್ನ ಅಳಿಸಿದ್ರೆ, ಬೇರೆಯವರದ್ದು ಅಂತ ನಾಳೆ ಇನ್ನೊಂದನ್ನ ಕೊಡಬೇಕಾಗುತ್ತೆ. ಅಷ್ಟು ಜನ ನನ್ನ ಮಾತು ನಂಬಿ ಬರೆದಿದ್ದಾರೆ."

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ರಾಶಿಯ ಮೇಲೆ ಎಸೆದಳು. "ಇವರ ಕೆಲಸ ಹೋದ್ರೆ ಈ ಮೆಟ್ಟಿಲು ಹತ್ತಬೇಡ. ನಿನ್ನ ಜಗಲಿ ಮೇಲೇ ಕೂತಿರು."

ಭಾವ ಗೇಟಿನವರೆಗೆ ಬಂದರು. ಬೀದಿದೀಪ ಆಗಷ್ಟೇ ಹತ್ತಿಕೊಂಡಿತ್ತು. ಬೆಂಚಿನ ರೂಮಿನ ನಗೆಮಾತು ಒಂದೂ ಅವರ ಬಾಯಲ್ಲಿರಲಿಲ್ಲ. "ನನಗೂ ಭಯವೇ ಕಣಮ್ಮ, ಇಲ್ಲ ಅನ್ನಲ್ಲ," ಎಂದರು. "ಈ ವಯಸ್ಸಲ್ಲಿ ಬೇರೆ ಕಡೆ ಯಾರು ತಗೋತಾರೆ? ಆದ್ರೂ ನೀನು ಅಳಿಸ್ತೀನಿ ಅಂದಿದ್ರೆ ನಾನೇ ಬೇಡ ಅಂತಿದ್ದೆ. ಇವಳ ಮುಂದೆ ಹೇಳೋ ಧೈರ್ಯ ಬರಲಿಲ್ಲ ಅಷ್ಟೆ."

ಬೆಳಿಗ್ಗೆ ಷೋಕಾಸ್ ಅವಳ ರೂಮಿಗೆ ಬಂದು ಬಾಗಿಲಲ್ಲೇ ನಿಂತರು. ಒಳಗೆ ಬರಲೋ ಬೇಡವೋ ಎನ್ನುವ ಅನುಮಾನ ಅವರ ಮುಖದಲ್ಲಿ ಅವಳು ಕಂಡದ್ದು ಅದೇ ಮೊದಲು.

"ಅದು... ನಾನು ಅದರೊಳಗೆ ಹೋಗಿಲ್ಲ ಇದುವರೆಗೆ."

"ಕೋಣೆಗಾ ಸರ್?"

"ಜಗಲಿಗೇ." ಕೆಮ್ಮಿದರು. "ಪಾಸ್‌ವರ್ಡ್ ಏನೋ ಕೊಟ್ಟಿದ್ರಿ. ಎಲ್ಲಿ ಇಟ್ಟೆನೋ."

ನಗು ಒತ್ತರಿಸಿ ಬಂತು, ಹಲ್ಲು ಕಚ್ಚಿ ತಡೆದುಕೊಂಡಳು. ಎರಡು ವರ್ಷದಿಂದ ಕರೆದರೂ ಬಾರದವರು ಹೀಗಾದರೂ ಒಳಗೆ ಬರುತ್ತಿದ್ದರು. ತನ್ನ ಕುರ್ಚಿಯ ಪಕ್ಕದಲ್ಲಿ ಕೂರಿಸಿ, ಹೊಸ ಪಾಸ್‌ವರ್ಡ್ ಮಾಡಿಕೊಟ್ಟು, ಕೋಣೆಯ ಯಜಮಾನನಿಗೆ ಹೇಳಿ ಒಳಗೆ ಸೇರಿಸಿದಳು. ಅವರ ಹೆಸರು ಒಳಗೆ ಕಂಡದ್ದೇ ತಡ, ಬೆಳಗಿನಿಂದ ಗದ್ದಲವಾಗಿದ್ದ ಕೋಣೆ ಗಪ್‌ಚಿಪ್ಪಾಯಿತು.

ಷೋಕಾಸ್ ತಕ್ಷಣ ಬರೆಯಲಿಲ್ಲ. ಮೊದಲಿನಿಂದ ಓದಿದರು. ಬೇರೆ ಡಿಪೋದವನ ಪ್ರಶ್ನೆ, ಭಾವನ ಉತ್ತರ, ಬೈಗುಳ, ಆಮೇಲೆ ಬಂದ ಒಪ್ಪಿಗೆಗಳು. ಕೆಂಪು ವೈರಿನ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಒಂದು ಕಡೆ ಯಾರೋ ಅವರನ್ನೇ ಗೇಲಿ ಮಾಡಿದ್ದರು, ಅದನ್ನೂ ಓದಿದರು, ಮುಖದ ಒಂದು ಗೆರೆಯೂ ಕದಲಲಿಲ್ಲ. ಮನಸ್ಸು ಬದಲಾಯಿಸಿಕೊಂಡು ಎದ್ದು ಹೋಗುತ್ತಾರೇನೋ ಎಂದು ಅವಳು ಆಸೆಪಟ್ಟಳು. ಅವರು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡರು.

ಬರೆದದ್ದು ಇಷ್ಟು: "ನಾನು ಸಿಬ್ಬಂದಿ ವಿಭಾಗದ ಮ್ಯಾನೇಜರ್. ಆಸ್ಪತ್ರೆ ಲಿಫ್ಟಿನಲ್ಲಿ ಜಂಪರ್ ಬಿಟ್ಟು ಬಂದ ಬಗ್ಗೆ ಇಲ್ಲಿ ಬರೆದಿರುವುದನ್ನು ವಿಚಾರಣೆಗಾಗಿ ಕೇಳುತ್ತಿದ್ದೇನೆ. ಅದು ಪ್ರಾಣಕ್ಕೆ ಸಂಬಂಧಿಸಿದ್ದು, ಕೇಳದೆ ಇರಲು ನನಗೆ ಸಾಧ್ಯವಿಲ್ಲ. ಬರೆದವರು ಉತ್ತರ ಕೊಡಬೇಕು."

ಭಾವ ಆ ಹೊತ್ತಿಗೆ ಯಾವುದೋ ಲಿಫ್ಟಿನ ನೆತ್ತಿಯ ಮೇಲೆ ಕೂತಿದ್ದರಂತೆ. ಉತ್ತರ ದನಿಯಲ್ಲಿ ಬಂತು, ಹಿಂದೆ ಹಗ್ಗಗಳ ಕಿರುಗುಟ್ಟುವ ಸದ್ದು. "ಬರೆದೋನು ನಾನೇ ಸರ್. ಸುಳ್ಳಿಲ್ಲ. ತಗೊಳ್ಳಿ. ಶಿಕ್ಷೆ ಏನಿದ್ರೂ ಅದನ್ನೂ ಇಲ್ಲೇ ಹೇಳಿ, ಎಲ್ಲರಿಗೂ ಗೊತ್ತಾಗಲಿ. ಬೇರೆಯವರು ಬರೆದಿದ್ದನ್ನ ಮಾತ್ರ ಮುಟ್ಟಬೇಡಿ, ಅವರನ್ನ ಬಾಯಿ ಬಿಡಿಸಿದೋನು ನಾನು."

ಅವಳು ಹೇಳಿದಂತೆಯೇ ಆ ಒಂದು ಮಾತನ್ನಷ್ಟೇ ಪ್ರಿಂಟ್ ತೆಗೆದು ಷೋಕಾಸ್ ಕೈಗೆ ಕೊಟ್ಟಳು. ಕಾಗದ ಇನ್ನೂ ಬೆಚ್ಚಗಿತ್ತು. ಅವರು ತೆಗೆದುಕೊಂಡು, ಬಾಗಿಲ ಬಳಿ ನಿಂತು, "ನೀವು ನಿನ್ನೆ ಅಳಿಸಿಬಿಡ್ತೀರಿ ಅಂದ್ಕೊಂಡಿದ್ದೆ," ಎಂದರು. ಹೊಗಳಿದ್ದೋ ಬೈದದ್ದೋ ಅವಳಿಗೆ ತಿಳಿಯಲಿಲ್ಲ.

ವಿಚಾರಣೆ ವಾರವಿಡೀ ನಡೆಯಿತು. ತೀರ್ಪನ್ನು ದೊಡ್ಡ ಸಾಹೇಬರು ಮೆಕ್ಯಾನಿಕ್‌ಗಳ ಕೋಣೆಯಲ್ಲಿ ತಮ್ಮ ಹೆಸರಿನಲ್ಲೇ ಬರೆದರು. ಭಾವನ ಕೆಲಸ ಹೋಗಲಿಲ್ಲ. ಎಚ್ಚರಿಕೆಯ ಪತ್ರ, ಮತ್ತು ಮೂರು ತಿಂಗಳು ಅವರು ಒಂಟಿಯಾಗಿ ಪ್ಯಾನಲ್ ತೆರೆಯುವಂತಿಲ್ಲ, ಇನ್ನೊಬ್ಬ ಮೆಕ್ಯಾನಿಕ್‌ನ ಕೈಕೆಳಗೆ ಇರಬೇಕು. ಆ ಇನ್ನೊಬ್ಬ ಅವರಿಂದಲೇ ಕೆಲಸ ಕಲಿತವನು. ಬೇರೆ ಯಾರ ಮಾತನ್ನೂ ಮುಟ್ಟುವುದಿಲ್ಲ, ಕೆಂಪು ವೈರು ಇನ್ನು ಮುಂದೆ ಉಗ್ರಾಣದಿಂದ ಎಲ್ಲರಿಗೂ ಸಿಗುತ್ತದೆ ಎಂದೂ ಇತ್ತು. ಜಗಲಿಯ ಕೀಲಿ ಮಾರಾಟ ವಿಭಾಗದ ಒಬ್ಬರ ಕೈಗೆ ಹೋಯಿತು. ಅವಳೇ ಕೇಳಿದ್ದು. ಆದರೂ ಪರದೆಯ ಮೇಲಿನ ಆ ಗುಂಡಿಗಳೆಲ್ಲ ಒಂದೊಂದಾಗಿ ಮಾಯವಾಗುವುದನ್ನು ಕೊನೆಯದರವರೆಗೂ ನೋಡುತ್ತ ಕೂತಳು. ಮೆಕ್ಯಾನಿಕ್‌ಗಳು ಅವಳನ್ನು ಕೋಣೆಯಿಂದ ಹೊರಹಾಕಲಿಲ್ಲ. ಎಲ್ಲರಂತೆ ಅವಳೂ ಒಬ್ಬಳಾಗಿ ಉಳಿದಳು. ಷೋಕಾಸ್ ಹೆಸರೂ ಅಲ್ಲೇ ಉಳಿಯಿತು.

ಆಮೇಲೆ ಕೋಣೆಯಲ್ಲಿ ಯಾರೂ ಬರೆಯಲಿಲ್ಲ.

ಮೊದಲ ದಿನ, ಜನ ಬೆಚ್ಚಿದ್ದಾರೆ, ಸರಿಹೋಗುತ್ತಾರೆ ಎಂದುಕೊಂಡಳು. ಎರಡನೇ ದಿನ 'ಸರಿ ಸರ್' ಒಂದು ಬಂತು. ಅದನ್ನು ನೋಡಿ ಅವಳಿಗೆ ಅಳುವೇ ಬಂದಿತು. ಬೆಂಚಿನ ರೂಮಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬೈಯುತ್ತಿರಲಿಲ್ಲ, ಜಾಗ ಮಾಡಿಕೊಟ್ಟು ಕೂರಿಸುತ್ತಿದ್ದರು, ಅಷ್ಟೆ. ಅಕ್ಕ ಫೋನ್ ಎತ್ತುತ್ತಿರಲಿಲ್ಲ. ಭಾವನನ್ನು ದೂರದಿಂದ ಕಂಡಳು, ತಮ್ಮ ಶಿಷ್ಯನ ಹಿಂದೆ ಅವನ ಸಾಮಾನಿನ ಚೀಲ ಹೊತ್ತುಕೊಂಡು ನಡೆಯುತ್ತಿದ್ದರು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಗೊತ್ತಿತ್ತು. ಸರಿಯಿದ್ದರೂ ಜನ ಬರದೇ ಹೋಗಬಹುದು ಎಂಬುದು ಈಗ ಗೊತ್ತಾಗುತ್ತಿತ್ತು. ಆದರೂ ಅವಳು ವಾರಕ್ಕೆರಡು ಸಲ ಬೆಂಚಿಗೆ ಹೋಗಿ ಕೂರುವುದನ್ನು ಬಿಡಲಿಲ್ಲ. ಮಾತಾಡದಿದ್ದರೆ ಬೇಡ, ಕೂರಲೇನು ಕಷ್ಟ ಎಂದುಕೊಂಡಳು.

ಒಂದು ಮಧ್ಯಾಹ್ನ ಮೇಜಿನ ಮೇಲೆ ಊಟದ ಡಬ್ಬಿ ಬಿಚ್ಚಿ ಇನ್ನೂ ಮೊದಲ ತುತ್ತು ಬಾಯಿಗಿಟ್ಟಿರಲಿಲ್ಲ, ಫೋನ್ ಸದ್ದು ಮಾಡಿತು. ಮೆಕ್ಯಾನಿಕ್‌ಗಳ ಕೋಣೆ. ಇದುವರೆಗೆ ಒಂದಕ್ಷರ ಬರೆಯದ, ದಕ್ಷಿಣದ ಡಿಪೋದ ಒಬ್ಬನ ಹೆಸರು.

"ಇವತ್ತು ನನ್ನಿಂದ ಒಂದು ತಪ್ಪಾಯ್ತು," ಎಂದು ಬರೆದಿದ್ದ. "ಲಿಫ್ಟಿನ ಕೆಳಗೆ ಗುಂಡಿಯಲ್ಲಿ ಕೆಲಸ ಮಾಡೋವಾಗ ಸ್ಟಾಪ್ ಸ್ವಿಚ್ ಒತ್ತೋದು ಮರೆತೆ. ಮೇಲಿಂದ ಯಾರೋ ಲಿಫ್ಟ್ ಕರೆದ್ರು, ಇಳಿಯೋಕೆ ಶುರುವಾಯ್ತು. ಬಗ್ಗಿ ಕೂತ್ಕೊಂಡು ತಪ್ಪಿಸ್ಕೊಂಡೆ. ಷೋಕಾಸ್ ಸರ್ ಇಲ್ಲೇ ಇದ್ದಾರೆ ಅಂತ ಗೊತ್ತು. ಆದ್ರೂ ಬರೀತಿದ್ದೀನಿ, ಇನ್ನೊಬ್ಬರಿಗೆ ಹೀಗಾಗಬಾರದು."

ಓದಿದವರ ಸಂಖ್ಯೆ ಒಂದೊಂದಾಗಿ ಏರುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ತಾನೇ ಏನಾದರೂ ಬರೆಯಲೇ ಎಂದು ಬೆರಳು ಮುಂದೆ ಹೋಯಿತು. ಇದು ತನ್ನ ಮಾತಿನ ಜಾಗವಲ್ಲ ಎಂದು ಹಿಂದೆ ತೆಗೆದಳು.

ಆಗ ಕೆಳಗೆ ಭಾವನ ಹೆಸರು ಮೂಡಿತು, ಪಕ್ಕದಲ್ಲಿ ಏನೋ ಬರೆಯುತ್ತಿದ್ದಾರೆ ಎಂದು ತೋರಿಸುವ ಮೂರು ಚುಕ್ಕಿ. ಚುಕ್ಕಿಗಳು ಕುಣಿದವು, ನಿಂತವು, ಮತ್ತೆ ಕುಣಿಯತೊಡಗಿದವು. ಅವಳು ಫೋನನ್ನು ಡಬ್ಬಿಯ ಮುಚ್ಚಳಕ್ಕೆ ಆನಿಸಿ ನಿಲ್ಲಿಸಿಕೊಂಡು, ಊಟಕ್ಕೆ ಕೈ ಹಾಕದೆ, ಅದನ್ನೇ ನೋಡುತ್ತ ಕೂತಳು.